ಅತ್ತೆಯ ಒಂದು ಒಳ್ಳೆಯ ಮಾತು

ಎಲ್ಲಕ್ಕೂ ಕಾರಣ ಆಧಾರ್ ಕಾರ್ಡಿನ ಫೋಟೋ.

ಆಂಧ್ರದ ಗಡಿಯ ಗುಡಿಬಂಡೆ ಪಕ್ಕದ ಹಳ್ಳಿಯ ಓಬಮ್ಮ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ತಿಥಿಯ ದಿನ ಗೋಡೆಗೆ ಹಾಕಿ ಹಾರ ಹಾಕಲು ಒಂದು ದೊಡ್ಡ ಫೋಟೋ ಬೇಕು. ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಆಧಾರ್ ಕಾರ್ಡಿನದೊಂದೇ. ಅದನ್ನೇ ಮಡಕಶಿರದಲ್ಲಿ ದೊಡ್ಡದು ಮಾಡಿಸಿ ನೋಡಿದರೆ, ಓಬಮ್ಮ ಯಾರದೋ ಹೊಲದಲ್ಲಿ ಕಡಲೆಕಾಯಿ ಕಿತ್ತು ಸಿಕ್ಕಿಬಿದ್ದವಳ ಹಾಗೆ ಕಾಣುತ್ತಿದ್ದಳು. ಮಗ ದೊಡ್ಡತಿಮ್ಮಪ್ಪ ಅದನ್ನು ನೋಡಿ ನೊಂದುಕೊಂಡ. ಬೆಳಿಗ್ಗೆಯ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಹತ್ತಿ, ರಾಯದುರ್ಗದಲ್ಲಿದ್ದ ಅಕ್ಕ ರಾಧಿಕಾಳ ಮನೆಗೆ ಬಂದ. ಅಕ್ಕನ ಬೀರುವಿನಲ್ಲಿ ಅಕ್ಕನ ಮದುವೆಯ ಸೀಡಿ ಇತ್ತು. ಮಗಳ ಮದುವೆಯಲ್ಲಾದರೂ ಅವ್ವ ನಕ್ಕಿರಲೇಬೇಕು ಎಂಬುದು ಅವನ ಲೆಕ್ಕ.

"ನಗೋ ಅವ್ವ ಬೇಕು ಭಾವ. ಸಂಜೆ ಬಸ್ಸಿಗೆ ನಾನು ಹೊಂಡ್ಬೇಕು. ಅಷ್ಟ್ರಲ್ಲಿ ಇಲ್ಲೇ ಸ್ಟುಡಿಯೋದಲ್ಲಿ ಕೊಟ್ಟು ಕಟ್ಟು ಹಾಕಿಸ್ಕೊಂಡು ಓಯ್ತೀನಿ" ಎಂದ.

ಭಾವ ಮಾರುತಿಗೆ ರಾಯದುರ್ಗದ ಬೆಟ್ಟದ ಕೆಳಗಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ಟು. ಮನೆಯ ಮುಂದಿನ ಪಡಸಾಲೆಯಲ್ಲೇ ಮಷೀನುಗಳು. ಮೂಲೆಯಲ್ಲಿ ಪ್ಯಾಂಟಿನ ಹಿಂಜೇಬಿನ ಮೇಲೆ ಹದ್ದು, ಹುಲಿ, ಯಾರಿಗೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳನ್ನು ಹೊಲಿಯುವ ಕಸೂತಿ ಮಷೀನು. ಅದರ ಪಕ್ಕ ಡಿಸೈನಿನ ಕಂಪ್ಯೂಟರ್. ಮಾರುತಿ ಒಳ್ಳೆಯ ಮನುಷ್ಯ. ನೆಂಟರು ಮನೆಗೆ ಬಂದಾಗ ಮಾತ್ರ ಸ್ವಲ್ಪ ಎದೆ ಉಬ್ಬುತ್ತಿತ್ತು.

"ಅದೇನ್ ದೊಡ್ಡದು ತಿಮ್ಮಪ್ಪ? ನೀ ಚಾ ಕುಡ್ಯೋದ್ರಾಗ ಫೋಟೋ ತಗದು ಕೊಡ್ತೀನಿ ತಗಾ" ಎಂದುಬಿಟ್ಟ.

ಚಹಾ ಬಂತು, ಕುಡಿದದ್ದೂ ಆಯಿತು. ಸೀಡಿ ಇಡುವ ತಟ್ಟೆಯೇ ಹೊರಗೆ ಬರಲಿಲ್ಲ. ಯಾರೂ ಸೀಡಿ ಹಾಕದೆ ವರ್ಷಗಳಾಗಿ, ಅದು ಜೀನ್ಸಿನ ನೂಲಿನ ಧೂಳು ತಿಂದು ಬಾಯಿ ಕಟ್ಟಿಕೊಂಡಿತ್ತು. ಕೊನೆಗೆ ಹೊಲಿಗೆಯ ದಪ್ಪ ಸೂಜಿಯನ್ನು ಅದರ ಮುಂದಿನ ಸಣ್ಣ ತೂತಿಗೆ ಚುಚ್ಚಿದಾಗ, ತಟ್ಟೆ ಬೈದವರ ನಾಲಿಗೆಯಂತೆ ಸರ್ರನೆ ಹೊರಗೆ ಚಾಚಿತು. ಸೀಡಿ ಹಾಕಿದರೆ ಕಂಪ್ಯೂಟರ್ ಅದನ್ನು ಓದಿತು, ಆದರೆ ತೋರಿಸಲು ಒಪ್ಪಲಿಲ್ಲ. ಮದುವೆಯ ವಿಡಿಯೋ ತೆಗೆದ ಸ್ಟುಡಿಯೋದವನು, ಯಾರೂ ಕಾಪಿ ಮಾಡಬಾರದೆಂದು ತನ್ನದೇ ಒಂದು ಪ್ಲೇಯರ್ ಕಟ್ಟಿ ಅದರೊಳಗೆ ಚಿತ್ರವನ್ನು ಬಂದೋಬಸ್ತು ಮಾಡಿದ್ದ. ಆ ಪ್ಲೇಯರ್ ಓಡುವುದು ಆ ಕಾಲದ ವಿಂಡೋಸಿನಲ್ಲಿ ಮಾತ್ರ.

ಮಾರುತಿ ಹೆದರಲಿಲ್ಲ. ಅವನ ಕಸೂತಿಯ ಸಾಫ್ಟ್‌ವೇರೂ ಅದೇ ಕಾಲದ್ದು. ಅದಕ್ಕಾಗಿ ಬಳ್ಳಾರಿಯಿಂದ ಶಿವಶಂಕರ್ ಎಂಬ ಸಾಫ್ಟ್‌ವೇರಿನವನು ಬಂದು, ಹೊಸ ಕಂಪ್ಯೂಟರಿನ ಒಳಗೇ ಒಂದು ಹಳೆಯ ಕಂಪ್ಯೂಟರನ್ನು ಕೂರಿಸಿಕೊಟ್ಟು ಹೋಗಿದ್ದ. ವರ್ಚುವಲ್ ಮಷೀನು ಎಂದು ಅದರ ಹೆಸರು. ದೊಡ್ಡ ಮನೆಯೊಳಗೊಂದು ಸಣ್ಣ ಬಾಡಿಗೆ ಮನೆ ಇದ್ದ ಹಾಗೆ. ಬಾಡಿಗೆಯವನು ಇದು ನನ್ನದೇ ಮನೆ ಎಂದುಕೊಂಡಿರುತ್ತಾನೆ. ಆದರೆ ನೀರು, ಕರೆಂಟು ಎಲ್ಲ ಮಾಲೀಕ ಬಿಟ್ಟಷ್ಟೇ.

ಆ ಒಳಗಿನ ಕಂಪ್ಯೂಟರ್ ಸೀಡಿಯನ್ನು ಹಳೇ ಗೆಳೆಯನಂತೆ ಬರಮಾಡಿಕೊಂಡಿತು. ಪ್ಲೇಯರ್ ತೆರೆಯಿತು. ಕೆಂಪು ಹೃದಯ, ಎರಡು ಪಾರಿವಾಳ, ನಡುವೆ 'ಮಾರುತಿ ವೆಡ್ಸ್ ರಾಧಿಕಾ' ಎಂಬ ಬರಹ. ಮಾರುತಿ ಗೆದ್ದವನಂತೆ ಹೆಂಡತಿಯ ಕಡೆ ನೋಡಿ ಬಟನ್ ಒತ್ತಿದ.

ಪರದೆ ಕಪ್ಪಾಯಿತು. ಸ್ಪೀಕರಿನಿಂದ ಮಾತ್ರ "ಗ್ರ್ರ್... ಡೋ... ಡೋ... ಡೋ... ಪೀ..." ಎಂದು ವಾಲಗದ ಸದ್ದು ಬಿಕ್ಕತೊಡಗಿತು.

"ವಾಲಗದೋನಿಗೆ ಬಿಕ್ಕಳಿಕೆ ಹತ್ತೈತೆ" ಎಂದ ದೊಡ್ಡತಿಮ್ಮಪ್ಪ.

ವಾಲಗದ ಸದ್ದಿಗೆ ಬಾಗಿಲಲ್ಲಿ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಕಾಣಿಸಿಕೊಂಡರು. ಅಂಗನವಾಡಿ ಟೀಚರಾಗಿ ರಿಟೈರಾದವರು; ಮದುವೆಗೆ ಈ ಓಣಿಯಿಂದ ಹೋಗಿದ್ದ ಬಸ್ಸಿನಲ್ಲಿ ಅವರೂ ಇದ್ದರು.

"ಮದುವಿ ಸೀಡಿ ಹಾಕೀರೇನ್ರಿ? ನಾ ಅವತ್ತು ನೇರಳೆ ಬಣ್ಣದ ರೇಷ್ಮಿ ಸೀರಿ ಉಟ್ಟಿದ್ದೆ. ಆಮ್ಯಾಲ ಅದನ್ನ ಇಲಿ ಕಡೀತು. ನೋಡೇ ಹೋಗ್ತೀನಿ" ಎಂದು ಸ್ಟೂಲು ಎಳೆದುಕೊಂಡು ಕೂತರು.

ಅವರ ಹಿಂದೆಯೇ ಎದುರುಮನೆಯ ಪಾಪಣ್ಣ ಬಂದರು. ಊರಿನ ಹಳೆಯ ಟಾಕೀಸಿನಲ್ಲಿ ಹರೆಯದಿಂದ ಮುಪ್ಪಿನವರೆಗೆ, ಕಾರ್ಬನ್ ಕಡ್ಡಿ ಉರಿಸಿದ ಬೆಳಕಿನಲ್ಲಿ ರೀಲು ತಿರುಗಿಸಿದವರು. ಆ ಟಾಕೀಸು ಈಗ ಜೀನ್ಸ್ ಬಟ್ಟೆಯ ಗೋಡೌನು. ಆದರೂ ಊರಿನಲ್ಲಿ ಎಲ್ಲಿ ಯಾವ ಪರದೆ ಕೆಟ್ಟರೂ ಪಾಪಣ್ಣನವರಿಗೆ ಅದು ತಮ್ಮದೇ ಜವಾಬ್ದಾರಿ.

"ಬೆಳಕು ಸಾಲದು ಮಾರುತಿ. ಕಾರ್ಬನ್ ಕಡ್ಡಿ ಸ್ವಲ್ಪ ಮುಂದಕ ತಳ್ಳು" ಎಂದರು.

"ಇದ್ರಾಗ ಕಾರ್ಬನ್ ಇಲ್ರಿ ಪಾಪಣ್ಣ."

"ಹಂಗಾದ್ರ ಕಿಟಕಿ ಹಾಕು. ಬಾಗಿಲ ಹಾಕು. ಕತ್ತಲಿ ಇಲ್ದ ಸಿನಿಮಾ ಹೆಂಗ ಕಾಣ್ತತಿ?"

ಕಿಟಕಿ, ಬಾಗಿಲು ಎರಡೂ ಮುಚ್ಚಿದರು. ಮೊದಲು ಪರದೆಯೊಂದೇ ಕಪ್ಪಾಗಿತ್ತು, ಈಗ ಮನೆಯೂ ಕಪ್ಪಾಯಿತು. ಆ ಕತ್ತಲಲ್ಲಿ ದೊಡ್ಡತಿಮ್ಮಪ್ಪ ಆನಿಕೊಳ್ಳಲು ಜಾಗ ಹುಡುಕಿ ಕಸೂತಿ ಮಷೀನಿನ ಮೇಲೆ ಮೊಣಕೈ ಊರಿದ. ಊರಿದ್ದು ನೇರ ಹಸಿರು ಗುಂಡಿಯ ಮೇಲೆ. ಮಷೀನು ಟಕಟಕಟಕ ಎಂದು ಶುರುವಾಯಿತು. ಅವನ ಹೆಗಲಿನ ಟವಲಿನ ತುದಿ ಸೂಜಿಯ ಕೆಳಗೆ ಸಿಕ್ಕಿತು.

"ಅಯ್ಯಯ್ಯೋ, ಏನೋ ಹಿಡ್ಕಂತು ಕಣಕ್ಕಾ! ಎಳೀತೈತೆ!"

ದೀಪ ಹಾಕಿ ಮಷೀನು ನಿಲ್ಲಿಸುವಷ್ಟರಲ್ಲಿ, ಬಿಳಿ ಟವಲಿನ ತುದಿಯಲ್ಲಿ ಹದ್ದಿನ ತಲೆ, ಒಂದು ರೆಕ್ಕೆ ಮತ್ತು 'ಕಿಂಗ್' ಎಂಬ ಅಕ್ಷರ ಚಿನ್ನದ ಬಣ್ಣದ ದಾರದಲ್ಲಿ ಮೂಡಿತ್ತು.

"ಚಂದಾಗೈತಲ್ರಿ" ಎಂದರು ದ್ರಾಕ್ಷಾಯಣಮ್ಮ. "ಇನ್ನೊಂದು ರೆಕ್ಕಿನೂ ಹಾಕಿಸಿಬಿಡ್ರಿ."

ರಾಧಿಕಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಇಪ್ಪತ್ತು ವರ್ಷದಿಂದ ರಾಯದುರ್ಗದ ಮಾತಾಡಿ ರೂಢಿಯಾಗಿದ್ದರೂ, ಸಿಟ್ಟು ಬಂದಾಗ ಅವಳ ನಾಲಿಗೆ ಸೀದಾ ಗುಡಿಬಂಡೆಗೆ ಹೋಗುತ್ತಿತ್ತು. "ನಿಮ್ ಕೈಲಾಗಾಕಿಲ್ಲ ಅಂದ್ರೆ ಆಗಾಕಿಲ್ಲ ಅನ್ನಿ. ಬಂದೋನ ಬಟ್ಟೆ ಯಾಕೆ ಹಾಳು ಮಾಡ್ತೀರ?"

ಮಾರುತಿ ಬಳ್ಳಾರಿಯ ಶಿವಶಂಕರನಿಗೆ ಫೋನು ಹಚ್ಚಿದ. ಶಿವಶಂಕರ್ ಆಗ ಕ್ಷೌರದಂಗಡಿಯ ಕುರ್ಚಿಯಲ್ಲಿದ್ದ. "ಒಕ್ಕ ನಿಮಿಷಂ ಅಣ್ಣ, ಗದ್ದದ ಮ್ಯಾಲ ಕತ್ತಿ ಐತಿ. ನೀವ್ ಕೇಳ್ರಿ. ಹೌದು ಅಂದ್ರ ಒಂದು ಹೂಂ, ಅಲ್ಲ ಅಂದ್ರ ಎರಡು ಹೂಂ" ಎಂದ.

"ಶಬ್ದ ಬಿಕ್ಕತೈತಿ, ಚಿತ್ರ ಕಪ್ಪು. ಒಳಗಿನ ಕಂಪ್ಯೂಟರಿಗೆ ಮೆಮೊರಿ ಸಾಲದೇನು?"

"ಹೂಂ."

"ಜಾಸ್ತಿ ಕೊಡ್ಲೇನು?"

"ಹೂಂ."

"ಎಲ್ಲಾ ಕೊಟ್ಟುಬಿಡ್ಲೇನು?"

"ಹೂಂ... ಹೂಂ!"

ಎರಡನೆಯ ಹೂಂ ಬರುವಷ್ಟರಲ್ಲಿ ಪಾಪಣ್ಣ "ಕೊಡು ಅಂದ, ಕೊಡು ಅಂದ" ಎಂದು ಕೂಗಿದ್ದರಿಂದ ಅದು ಮಾರುತಿಯ ಕಿವಿಗೆ ಬೀಳಲಿಲ್ಲ. ಒಳಗಿನ ಕಂಪ್ಯೂಟರನ್ನು ನಿಲ್ಲಿಸಿ, ಸೆಟ್ಟಿಂಗಿಗೆ ಹೋಗಿ, ಮೆಮೊರಿಯ ಗುಂಡನ್ನು ಕೊನೆಯ ತುದಿಯವರೆಗೆ ಎಳೆದ. ಮತ್ತೆ ಚಾಲೂ ಮಾಡಿದ. ಬಾಡಿಗೆಯವನು ಇಡೀ ಮನೆ ಆವರಿಸಿಕೊಂಡು ಮಾಲೀಕನನ್ನು ಬೀದಿಗೆ ನೂಕಿದಂತಾಯಿತು. ಎರಡು ಕಂಪ್ಯೂಟರುಗಳೂ ಒಟ್ಟಿಗೆ ಸತ್ತವು. ಮೌಸಿನ ಬಾಣ ಪರದೆಯ ನಡುವೆ ನೆಟ್ಟ ಕಂಬದಂತೆ ನಿಂತಿತು. ಬಲವಂತವಾಗಿ ಆಫ್ ಮಾಡಿ ಆನ್ ಮಾಡಿದರೆ, ಹೊರಗಿನದು ಏಳಲು ಒಂದು ಊಟದ ಹೊತ್ತು ಹಿಡಿಯಿತು. ಅಷ್ಟರಲ್ಲಿ ಎಲ್ಲರೂ ಅಲ್ಲೇ ಊಟ ಮುಗಿಸಿದರು. ಹೋಗಿ ಎಂದು ಹೇಳಲಾಗದೆ ದ್ರಾಕ್ಷಾಯಣಮ್ಮ, ಪಾಪಣ್ಣನವರಿಗೂ ರಾಧಿಕಾ ಬಡಿಸಿದಳು.

ಊಟವಾದ ಮೇಲೆ ಮಾರುತಿ ಬುದ್ಧಿ ಬಂದವನಾಗಿ, ಮೆಮೊರಿಯನ್ನು ಅರ್ಧಕ್ಕೆ ತಂದು, ಒಂದಿದ್ದ ಪ್ರೊಸೆಸರನ್ನು ಎರಡು ಮಾಡಿ, ಮತ್ತೆ ಪ್ಲೇಯರ್ ತೆರೆದ. ಪರದೆ ಕಪ್ಪಾಗಿಯೇ ಇತ್ತು. ಆದರೆ ಬಿಕ್ಕಳಿಕೆ ನಿಂತಿತ್ತು.

ಮೊದಲು ಬಂದದ್ದು ವಾಲಗ. ಹಿಂದೆಯೇ ಮೈಕಿನವನ "ಹಲೋ ಹಲೋ, ಮೈಕ್ ಟೆಸ್ಟಿಂಗ್". ಪಾತ್ರೆಯ ಸದ್ದು, ಮಕ್ಕಳ ಕೂಗು, ಯಾರೋ ಉದ್ದಕ್ಕೆ ಕೆಮ್ಮಿದ್ದು. ದೊಡ್ಡತಿಮ್ಮಪ್ಪ ನೆಟ್ಟಗೆ ಕೂತ.

"ಅಕ್ಕಾ, ದೊಡ್ಡಪ್ಪ! ದೊಡ್ಡಪ್ಪನ ಕೆಮ್ಮು ಅದು!"

"ಹೂಂ ಕಣೋ" ಎಂದಳು ರಾಧಿಕಾ. "ಬೀಡಿ ಸೇದಿ ಸೇದಿ ಹಂಗೇ ಕೆಮ್ತಿದ್ದ."

ದೊಡ್ಡಪ್ಪ ಹೋಗಿ ಹತ್ತು ಹನ್ನೆರಡು ವರ್ಷವಾಗಿತ್ತು. ಆ ಕೆಮ್ಮನ್ನು ಇಬ್ಬರೂ ಮಂಗಳಾರತಿಯ ಹಾಗೆ ಕೈಮುಗಿದು ಕೇಳಿದರು. ಆಮೇಲೆ ಒಬ್ಬೊಬ್ಬರೇ ಬಂದರು. ಎಲೆಗೆ ಉಪ್ಪು ಬಡಿಸುತ್ತ "ಉಪ್ಪು ಉಪ್ಪು" ಅನ್ನುವ ಮಾರೇಶ, ಯಾರನ್ನೋ ಬೈಯುವ ಅಡುಗೆಯವನು, ಸೋಬಾನೆಗೆ ಎಲ್ಲರಿಗಿಂತ ಅರ್ಧ ಸಾಲು ಮುಂದೆ ಹೋಗುವ ಕೀರಲು ದನಿಯ ಸುಂಕಜ್ಜಿ. ಕಪ್ಪು ಪರದೆಯನ್ನು ಐದು ಜನ ಕಣ್ಣು ಕೀಳದೆ ನೋಡುತ್ತ ಕೂತಿದ್ದರು. ಒಂದೊಂದು ದನಿ ಬಂದಾಗಲೂ ಅಕ್ಕತಮ್ಮ ಹೆಸರು ಹೇಳುತ್ತಿದ್ದರು. ಹೆಸರು ಹೇಳಿದವರಲ್ಲಿ ಅರ್ಧ ಜನ ಈಗ ಇರಲಿಲ್ಲ.

"ನಮ್ಮ ಟಾಕೀಸಿನ್ಯಾಗ ಒಮ್ಮೆ ಹಿಂಗ ಆತು" ಎಂದರು ಪಾಪಣ್ಣ ಮೆಲ್ಲಗೆ. "ದೀಪ ಹೋತು, ಸೌಂಡ್ ಒಂದ ಉಳೀತು. ಜನ ಗಲಾಟಿ ಮಾಡ್ತಾರ ಅಂದಕಂಡಿದ್ದೆ. ಒಬ್ರೂ ಏಳಲಿಲ್ಲ ನೋಡ್ರಿ. ಕತ್ಲಾಗ ಕುಂತು ಕಡೀತನ ಕೇಳಿದ್ರು."

"ನನ್ನ ಸೀರಿ ಶಬ್ದ ಮಾಡಲ್ಲಲ್ಲಾ" ಎಂದು ದ್ರಾಕ್ಷಾಯಣಮ್ಮ ನಿಟ್ಟುಸಿರು ಬಿಟ್ಟರು.

ಆಗ ಓಬಮ್ಮನ ದನಿ ಬಂತು. ಇಪ್ಪತ್ತು ವರ್ಷ ಎಳೆಯ ದನಿ, ನಗು ತುಂಬಿದ ದನಿ. ರಾಧಿಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೊದಲ ಮಾತಿಗೇ ಸೀಡಿಯ ಗೀರು ಅಡ್ಡ ಬಂದು "ನಮ್ ಮಾ... ಮಾ... ಮಾ..." ಎಂದು ಸಿಕ್ಕಿಕೊಂಡು, ಆಮೇಲೆ ಸರಾಗವಾಯಿತು.

"...ಇಂಥಾ ಸಾಧು ನಾನು ಎಲ್ಲೂ ಕಂಡಿಲ್ಲ ಕಣ್ರಮ್ಮ. ಹಾಕಿದ್ದು ತಿಂತಾನೆ, ಇದು ಬೇಕು ಅದು ಬೇಕು ಅನ್ನಾಕಿಲ್ಲ. ಯೋಳಿದ್ ಕಡೆ ತಿರುಗ್ತಾನೆ. ಎಷ್ಟು ದುಡಿದ್ರೂ ಮಖ ಸಿಂಡ್ರಿಸಾಕಿಲ್ಲ. ಕಣ್ಣು ನೋಡ್ರಿ, ಎಷ್ಟು ತಂಪಾಗವೆ! ನಮ್ಮನೆಗೆ ಬಂದಿದ್ದು ನಮ್ ಪುಣ್ಯ..."

ಮಾರುತಿ ಬಟನ್ ಒತ್ತಿ ನಿಲ್ಲಿಸಿದ.

ಅವನಿಗೂ ಅತ್ತೆಗೂ ಇದ್ದ ಮಾತುಕತೆ ಅಷ್ಟಕ್ಕಷ್ಟೇ. ಓಬಮ್ಮ ಅಳಿಯನ ಎದುರು ಒಂದು ದಿನವೂ ನಿಂತು ಮಾತಾಡಿದವಳಲ್ಲ. ಬಾಗಿಲ ಹಿಂದೆ ನಿಂತು "ಊಟ ಆಯ್ತಾ ಕೇಳು", "ನೀರು ಬೇಕಾ ಕೇಳು" ಎಂದು ಮಗಳ ಮುಖಾಂತರ ಹೇಳಿಸುತ್ತಿದ್ದಳು. ಅವನು ಮೊಣಕಾಲಿನ ಹತ್ತಿರ ಹರಿದ ಫ್ಯಾಷನ್ನಿನ ಜೀನ್ಸ್ ಹೊಲಿಯುತ್ತಾನೆಂದು ಗೊತ್ತಾದಾಗ, "ಒಳ್ಳೇ ಬಟ್ಟೆ ಹರಿದು ಮಾರ್ತಾರಂತಾ ಕೇಳು" ಎಂದದ್ದೇ ಅವನ ಕಸುಬಿನ ಬಗ್ಗೆ ಅವಳು ಆಡಿದ ಮಾತು. ಹಬ್ಬಕ್ಕೆ ಹೋದಾಗಲೆಲ್ಲ ಸೀರೆ ಒಯ್ದ, ಹಣ್ಣು ಒಯ್ದ. ಒಮ್ಮೆ ಮಂಡಿನೋವಿಗೆ ಬಳ್ಳಾರಿಯಿಂದ ಎಣ್ಣೆ ತಂದುಕೊಟ್ಟ. ಒಂದು ಒಳ್ಳೆಯ ಮಾತು ಬಾಗಿಲ ಈಚೆ ಬಂದಿರಲಿಲ್ಲ. ಅತ್ತೆಗೆ ತಾನು ಹಿಡಿಸಲಿಲ್ಲ ಎಂದೇ ಅವನು ತಿಳಿದಿದ್ದ. ಈಗ ನೋಡಿದರೆ ಮದುವೆಯ ದಿನವೇ, ಹತ್ತು ಜನರ ಮುಂದೆ...

"'ಮಾ' ಅಂದ್ರ ಮಾರುತಿ!" ಎಂದು ಪಾಪಣ್ಣ ತೊಡೆ ತಟ್ಟಿದರು. "ಅತ್ತಿ ಬಾಯಾಗ ಇಂಥಾ ಮಾತು ಯಾವ ಅಳಿಯಗ ಸಿಗ್ತಾವಪ್ಪ!"

"ಹಿಂದ ಗಂಟಿ ಶಬ್ದ ಬೇರೆ ಬಂತು, ಕೇಳಿದ್ರೇನ್ರಿ?" ಎಂದರು ದ್ರಾಕ್ಷಾಯಣಮ್ಮ. "ಪೂಜಾರಿ ಗಂಟಿ ಬಾರಿಸೋ ಹೊತ್ನ್ಯಾಗ ಆಡಿದ ಮಾತು. ಸುಳ್ಳಾಗಲ್ಲ."

ರಾಧಿಕಾ ಮಾತ್ರ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಹೇಳಿದ ಕಡಿ ತಿರುಗ್ತಾನ ಅಂದ್ಲಾ? ಪಾಪ, ಅವ್ವಗ ನೀವು ಇನ್ನೂ ಗೊತ್ತಿರ್ಲಿಲ್ಲ."

ಮಾರುತಿಗೆ ಅದು ಕೇಳಿಸಲಿಲ್ಲ. ಇಂಥ ಮಾತು ಆಡುವಾಗ ಅತ್ತೆಯ ಮುಖ ಹೇಗಿತ್ತು? ತನ್ನ ಕಡೆ ನೋಡುತ್ತಿದ್ದಳೇ? ತಾನು ಎಲ್ಲಿ ನಿಂತಿದ್ದೆ? ಆ ಮುಖ ನೋಡದೆ ಇನ್ನು ಅವನು ಏಳುವಂತಿರಲಿಲ್ಲ. ಬೆಳಿಗ್ಗೆಯಿಂದ ಬಾಮೈದನ ಕೆಲಸವಾಗಿದ್ದದ್ದು ಈಗ ಅವನ ಸ್ವಂತ ಕೆಲಸವಾಯಿತು.

ಶಿವಶಂಕರನಿಗೆ ಮತ್ತೆ ಫೋನು ಮಾಡಿದ. ಈ ಸಲ ಬಾಯಿ ಬಿಡುವಾಗಿತ್ತು. "ಚಿತ್ರದ ಮೆಮೊರಿ ಬ್ಯಾರೆ ಇರ್ತೈತಿ ಅಣ್ಣ, ಅದನ್ನೂ ಏರಸ್ರಿ" ಎಂದ. ಮಾರುತಿ ಏರಿಸಿದ. ಪರದೆ ಕಪ್ಪು. "ತ್ರೀಡಿ ಅಂತ ಒಂದು ಡಬ್ಬಿ ಐತಿ, ಟಿಕ್ ತಗೀರಿ." ತೆಗೆದ. ಕಪ್ಪು. "ಹಾಕ್ರಿ." ಹಾಕಿದ. ಹಸಿರು ಬಂತು! ಎಲ್ಲರೂ ಹೋ ಎಂದರು. ಬರೀ ಹಸಿರು, ನಾಟಿಗೆ ಮುಂಚಿನ ಭತ್ತದ ಸಸಿಮಡಿಯ ಹಾಗೆ ಮೂಲೆಯಿಂದ ಮೂಲೆಗೆ ಹಸಿರು. ಮತ್ತೆ ತೆಗೆದ.

"ಸಾಕು ಬಿಡಿ ಭಾವ, ಬಸ್ಸಿಗೆ ಹೊತ್ತಾಯ್ತದೆ. ಆ ಆಧಾರೇ ಹಾಕ್ತೀನಿ" ಎಂದ ದೊಡ್ಡತಿಮ್ಮಪ್ಪ ಎದ್ದು.

"ಕುಂದ್ರಪ್ಪಾ ಸುಮ್ಕ!" ಮಾರುತಿ ಗದರಿದ. ಅವನು ಗದರಿದ್ದನ್ನು ಆ ಮನೆ ನೋಡಿದ್ದು ಅದೇ ಮೊದಲು. ದೊಡ್ಡತಿಮ್ಮಪ್ಪ ಹದ್ದಿನ ಟವಲು ಹೊದ್ದುಕೊಂಡು ಕೂತುಬಿಟ್ಟ.

ಶಿವಶಂಕರ್ ಸ್ವಲ್ಪ ಯೋಚಿಸಿ ಕೇಳಿದ. "ಅಣ್ಣ, ಆ ಸೀಡಿ ಪ್ಲೇಯರಿನ್ಯಾಗ ಆಪ್ಷನ್ಸ್ ಅಂತ ಏನರ ಐತೇನು ನೋಡ್ರಿ. ಅದು ತನ್ನ ಚಿತ್ರಾನ ಸೀದಾ ಡಿಸ್ಪ್ಲೇ ಕಾರ್ಡಿಗೆ ಬರೀತೀನಿ ಅಂತ ಹಟ ಮಾಡ್ತಿರ್ತೈತಿ. ಒಳಗಿನ ಕಂಪ್ಯೂಟರಿನ್ಯಾಗ ಖರೆ ಕಾರ್ಡ್ ಎಲ್ಲೈತಿ? ಹಾರ್ಡ್‌ವೇರ್ ಅಂತ ಇದ್ದಲ್ಲಿ ಟಿಕ್ ತಗದುಬಿಡ್ರಿ."

ಪಾರಿವಾಳದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆ ಡಬ್ಬಿ ಇತ್ತು. ಮಾರುತಿ ಟಿಕ್ ತೆಗೆದ. ಕಪ್ಪು ಪರದೆ ಒಮ್ಮೆ ಮಿಣುಕಿತು.

ಅಲ್ಲಿ ಅಂಗಳವಿತ್ತು. ತೆಂಗಿನ ಗರಿಯ ಚಪ್ಪರ, ಬಾಳೆಕಂಬ, ಕಟ್ಟೆಯ ಮೇಲೆ ಬೀಡಿ ಹಿಡಿದ ದೊಡ್ಡಪ್ಪ, ಅಡ್ಡ ಓಡಿದ ನೇರಳೆ ರೇಷ್ಮೆ. "ನಾನೇ! ನಾನೇ!" ಎಂದು ದ್ರಾಕ್ಷಾಯಣಮ್ಮ ಪರದೆಯನ್ನೇ ಮುಟ್ಟಿದರು. ಪಾಪಣ್ಣ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಜೀವಮಾನವೆಲ್ಲ ಬೇರೆಯವರ ಸೀಟಿ ಕೇಳಿದವರು, ತಾವೇ ಹೊಡೆದದ್ದು ಅವತ್ತೇ ಇರಬೇಕು.

ಕ್ಯಾಮೆರಾ ನಿಧಾನವಾಗಿ ತಿರುಗಿತು. ಓಬಮ್ಮ ಬಂದಳು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ, ಮುಡಿ ತುಂಬ ಕನಕಾಂಬರ, ಬಾಯಿ ತುಂಬ ನಗು. ಅವಳ ಬಲಗೈ ಯಾರದೋ ಕೊರಳನ್ನು ಬಳಸಿತ್ತು. ಮಾರುತಿ ಉಸಿರು ಹಿಡಿದು ಮುಂದಕ್ಕೆ ಬಾಗಿದ.

ಅದು ಬಿಳಿ ಎತ್ತು. ಕೊಂಬಿಗೆ ಬಣ್ಣ, ಹಣೆಗೆ ಕುಂಕುಮ, ಕೊರಳಲ್ಲಿ ಗಂಟೆ. ಅದು ತಲೆಯಾಡಿಸಿದಾಗೆಲ್ಲ ಗಂಟೆ ಕಿಣಿಕಿಣಿ ಎನ್ನುತ್ತಿತ್ತು.

"ಮಾಲಿಂಗಾ!" ಎಂದು ದೊಡ್ಡತಿಮ್ಮಪ್ಪ ಎದ್ದೇ ನಿಂತ. "ಅಕ್ಕಾ, ನಮ್ ಮಾಲಿಂಗ ಕಣೇ!"

"ಇಂಥಾ ಸಾಧು ನಾನು ಎಲ್ಲೂ ಕಂಡಿಲ್ಲ ಕಣ್ರಮ್ಮ" ಎಂದಳು ಓಬಮ್ಮ ಪರದೆಯಲ್ಲಿ, ಎತ್ತಿನ ಗಂಗೆದೊಗಲನ್ನು ಸವರುತ್ತ. "ಹಾಕಿದ್ದು ತಿಂತಾನೆ..."

ಅಕ್ಕತಮ್ಮ ಇಬ್ಬರೂ ಅಳತೊಡಗಿದರು. ಅವ್ವನನ್ನು ನೋಡಿ ಅತ್ತರೋ ಎತ್ತನ್ನು ನೋಡಿ ಅತ್ತರೋ ಅವರಿಗೇ ಗೊತ್ತಿರಲಿಲ್ಲ. ಮಾಲಿಂಗ ಗಾಡಿ ಎಳೆದುಕೊಂಡು ಯಾರೂ ಹೊಡೆಯದೆಯೇ ಸಂತೆಯಿಂದ ಮನೆಗೆ ಬರುತ್ತಿದ್ದದ್ದು, ರಾಧಿಕಾ ಪರೀಕ್ಷೆಗೆ ಅದೇ ಗಾಡಿಯಲ್ಲಿ ಹೋದದ್ದು, ಅದು ಸತ್ತ ದಿನ ಓಬಮ್ಮ ಒಲೆ ಹಚ್ಚದೇ ಇದ್ದದ್ದು, ಒಂದಾದ ಮೇಲೊಂದು ಬಂದವು. ಪಾಪಣ್ಣನೂ ಕಣ್ಣೊರೆಸಿಕೊಂಡರು. ದ್ರಾಕ್ಷಾಯಣಮ್ಮ ಎರಡೂ ಕೈಯಿಂದ ಎತ್ತಿಗೆ ನಮಸ್ಕಾರ ಮಾಡಿದರು.

ಮಾರುತಿ ಹೆಂಡತಿಯ ಕಿವಿಯ ಹತ್ತಿರ ಮೆಲ್ಲಗೆ ಕೇಳಿದ. "ನನ್ನ ಬಗ್ಗೆ ಎಲ್ಲೂ ಏನೂ ಅಂದಿಲ್ಲೇನು ನಿಮ್ಮವ್ವ?"

"ತಡೀರಿ, ಮುಂದ ಅಂತಾಳ ಅನಸ್ತತಿ."

ಅಂದಳು. ಎತ್ತಿನ ಮುಖಕ್ಕೆ ಕೆನ್ನೆ ಒತ್ತಿ ನಗುತ್ತಿದ್ದವಳು, ಥಟ್ಟನೆ ಪಕ್ಕಕ್ಕೆ ನೋಡಿ, ಸೆರಗು ತಲೆಯ ಮೇಲೆಳೆದುಕೊಂಡು, ದನಿ ತಗ್ಗಿಸಿ ಯಾರಿಗೋ ಹೇಳಿದಳು: "ಅಳಿಯಂದ್ರಿಗೆ ಯೋಳ್ರಮ್ಮ. ಮಾಲಿಂಗನ ಹುಲ್ಲು ತುಳೀತಾ ನಿಂತವ್ರೆ. ಒಸಿ ಆ ಕಡೆ ಸರೀಲಿ ಅಂತ."

ಪೂರ್ತಿ ಸೀಡಿ ಓಡಿಸಿ ನೋಡಿದರು. ಧಾರೆಯಲ್ಲಿ ಓಬಮ್ಮ ಕಂಬದ ಹಿಂದೆ ಇದ್ದಳು. ಊಟದಲ್ಲಿ ಬೆನ್ನು ತೋರಿಸಿದ್ದಳು. ಮಗಳನ್ನು ಕಳಿಸಿಕೊಡುವಾಗ ಅತ್ತಿದ್ದಳು. ನಕ್ಕದ್ದು ಎತ್ತಿನ ಹತ್ತಿರ ಒಂದೇ ಕಡೆ. ಎತ್ತನ್ನು ಬಿಟ್ಟು ಅವಳ ಮುಖವಷ್ಟೇ ತೆಗೆದುಕೊಡಲೇ ಎಂದು ಮಾರುತಿ ಕೇಳಿದ.

"ಮಾಲಿಂಗನ್ನ ಬುಟ್ಟು ಅವ್ವನಾ? ಬ್ಯಾಡ ಭಾವ. ಇಬ್ರೂ ಇರ್ಲಿ, ಇಬ್ರಿಗೂ ಹಾರ ಹಾಕ್ತೀವಿ."

ಮಾರುತಿ ಆ ನಗುವಿನ ಜಾಗದಲ್ಲಿ ಚಿತ್ರ ನಿಲ್ಲಿಸಿ, ಪರದೆಯನ್ನು ಫೋಟೋ ಮಾಡಿ, ಹೊರಗಿನ ಕಂಪ್ಯೂಟರಿನಲ್ಲಿ ದೊಡ್ಡದಾಗಿ ತೆರೆದು ತೋರಿಸಿದ. ಎಲ್ಲರೂ ಹತ್ತಿರ ಬಂದು ನೋಡಿದರು. ಓಬಮ್ಮ ನಗುತ್ತಿದ್ದಳು. ಮಾಲಿಂಗನೂ ನಗುತ್ತಿದ್ದ ಹಾಗೇ ಇತ್ತು.

"ಬಂಗಾರದಂಗೈತೆ ಭಾವ" ಎಂದು ದೊಡ್ಡತಿಮ್ಮಪ್ಪ ಬೆರಳು ಮುಂದೆ ಮಾಡಿದ. "ಈ ಎಡಗಡೆ ಮೂಲೇಲಿ ಯಾವನ್ದೋ ಮೊಣಕೈ ಅಡ್ಡ ಬಂದೈತೆ ನೋಡಿ. ಅದೊಂದು ಕತ್ತರಿಸ್ಬುಡಿ, ಅಸಹ್ಯವಾಗಿ ಕಾಣ್ತೈತೆ."

ಮಾರುತಿ ನೋಡಿದ. ಬಿಳಿ ರೇಷ್ಮೆ ಅಂಗಿಯ ತೋಳು; ಮಣಿಕಟ್ಟಿನಲ್ಲಿ ಅರಿಸಿನ ಕೊಂಬು ಕಟ್ಟಿದ ಕಂಕಣ. ಮಾಲಿಂಗನ ಹುಲ್ಲು ತುಳಿಯುತ್ತ ನಿಂತಿದ್ದ ಮದುಮಗನ ಕೈ.

"ಹೌದ್ರಿ, ತಗದುಬಿಡ್ರಿ" ಎಂದರು ದ್ರಾಕ್ಷಾಯಣಮ್ಮ.

ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು. ಹೊತ್ತಿರಲಿಲ್ಲ. ಮಾರುತಿ ಮೌಸು ಹಿಡಿದು, ಗೆರೆಯನ್ನು ಸರಿಯಾಗಿ ಎಳೆದು, ತನ್ನ ಕೈಯನ್ನು ತಾನೇ ಕತ್ತರಿಸಿ ಸ್ಟುಡಿಯೋಕ್ಕೆ ಕಳಿಸಿದ.